ಹೆಸರು ಬದಲಾದರೂ ಸಿಲೋನ್

ನನ್ನ ಹಿಂದಿನ ತಲೆಮಾರಿನ ಕನ್ನಡಿಗರಿಗೆ ‘ಸಿಲೋನ್’ ಎಂಬುದು ಒಂದು ದೇಶದ ಹೆಸರು ಎನ್ನುವುದಕ್ಕಿಂತ ರೇಡಿಯೋದ ಮುಳ್ಳು ನಿಲ್ಲುವ ಜಾಗದ ಹೆಸರಾಗಿತ್ತು. “ಸಿಲೋನ್ ಇಡು” ಎಂದರೆ ಸಾಕು, ಮನೆಯ ಮಕ್ಕಳಿಗೆ ಗುಂಡಿಯನ್ನು ಎಷ್ಟು ತಿರುಗಿಸಬೇಕೆಂದು ಕೈಗೇ ಗೊತ್ತಿತ್ತು. 1972ರಲ್ಲಿ ಆ ದೇಶ ತನ್ನ ಹೆಸರನ್ನು ಶ್ರೀಲಂಕಾ ಎಂದು ಬದಲಿಸಿಕೊಂಡಿತು, ನಿಲಯದ ಹೆಸರೂ ಬದಲಾಯಿತು. ನಮ್ಮವರು ಮಾತ್ರ ಅದಕ್ಕೆ ಕಿವಿಗೊಡಲಿಲ್ಲ. 1980ರ ದಶಕದಲ್ಲೂ ನಮ್ಮ ಮನೆಯಲ್ಲಿ ಅದು ಸಿಲೋನೇ. ಈಗ ಮುಂಬೈಯ ಕನ್ನಡ ಸಂಘಗಳ ಕಾರ್ಯಕ್ರಮದಲ್ಲಿ ಹಿರಿಯರ ಪಕ್ಕ ಕೂತು ಹಳೆಯ ಹಾಡಿನ ಮಾತು ತೆಗೆದರೆ ಇಂದಿಗೂ ಅದು ಸಿಲೋನೇ.

ಕೊಲಂಬೊದ ಆ ನಿಲಯ ಶುರುವಾಗಿ 2025ರ ಡಿಸೆಂಬರ್ 16ಕ್ಕೆ ನೂರು ವರ್ಷ ತುಂಬಿತು. ಈ ನೂರು ವರ್ಷಗಳಲ್ಲಿ ಅದರ ಹೆಸರು ಹಲವು ಸಲ ಬದಲಾಗಿದೆ. ಯಾವ ಹೆಸರನ್ನು ಯಾರು ಕೊಟ್ಟರು, ಯಾವುದು ಉಳಿಯಿತು, ಯಾವುದು ಉದುರಿತು ಎಂದು ಹುಡುಕುತ್ತ ಹೋದಾಗ ನನಗೆ ಅದರೊಳಗೆ ಮುಂಬೈಯ ಒಂದು ಕಥೆ ಸಿಕ್ಕಿತು. ನಮ್ಮ ಸುಳ್ಯದ ಕಡೆಯ ಇನ್ನೊಂದು ಕಥೆಯೂ ಸಿಕ್ಕಿತು. ಎರಡನ್ನೂ ಒಟ್ಟಿಗೆ ಹೇಳದೆ ಈ ನಿಲಯದ ಚರಿತ್ರೆ ಪೂರ್ತಿಯಾಗುವುದಿಲ್ಲ ಎಂಬುದು ನನ್ನ ಅನಿಸಿಕೆ.

ಸಬ್‌ಮೆರೀನಿನಿಂದ ಸೇನೆಯವರೆಗೆ

ಶುರುವಾದದ್ದು ತಂತಿ ಇಲಾಖೆಯಲ್ಲಿ. ಅಲ್ಲಿನ ಮುಖ್ಯ ಇಂಜಿನಿಯರ್ ಎಡ್ವರ್ಡ್ ಹಾರ್ಪರ್ ಎಂಬವರು 1923ರಲ್ಲಿ, ಸೆರೆಸಿಕ್ಕ ಒಂದು ಜರ್ಮನ್ ಸಬ್‌ಮೆರೀನಿನ ರೇಡಿಯೋ ಬಿಡಿಭಾಗಗಳನ್ನು ಬಳಸಿ ಟ್ರಾನ್ಸ್‌ಮಿಟರ್ ಕಟ್ಟಿದರು. ಕೊಲಂಬೊದ ಸೆಂಟ್ರಲ್ ಟೆಲಿಗ್ರಾಫ್ ಆಫೀಸಿನ ಒಂದು ಪುಟ್ಟ ಕೋಣೆಯಿಂದ ಗ್ರಾಮಫೋನ್ ಸಂಗೀತ ಗಾಳಿಯಲ್ಲಿ ಹೊರಟಿತು. ಎರಡು ವರ್ಷದ ನಂತರ, 1925ರ ಡಿಸೆಂಬರ್ 16ರಂದು, ‘ಕೊಲಂಬೊ ರೇಡಿಯೋ’ ಎಂಬ ಹೆಸರಿನಲ್ಲಿ ನಿತ್ಯದ ಪ್ರಸಾರ ಆರಂಭವಾಯಿತು. ನಮ್ಮ ಬೊಂಬಾಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ನಿಲಯ ತೆರೆದದ್ದು 1927ರ ಜುಲೈ 23ರಂದು. ಅಂದರೆ ಕೊಲಂಬೊ ನಮಗಿಂತ ಒಂದೂವರೆ ವರ್ಷ ಮುಂದಿತ್ತು.

ಆದರೆ ಈ ಕೊಲಂಬೊ ರೇಡಿಯೋ ಕಡಲು ದಾಟಿ ಮಂಗಳೂರು, ಹುಬ್ಬಳ್ಳಿ, ಬೊಂಬಾಯಿಗಳ ಮನೆಗಳಿಗೆ ಬರುವಷ್ಟು ದೊಡ್ಡದಾಗಿರಲಿಲ್ಲ. ಅದಕ್ಕೆ ಬಲ ಕೊಟ್ಟದ್ದು ಎರಡನೆಯ ಮಹಾಯುದ್ಧ. 1944ರಲ್ಲಿ ಮೌಂಟ್‌ಬ್ಯಾಟನ್ನರ ಆಗ್ನೇಯ ಏಷ್ಯಾ ಸೇನಾ ಕಮಾಂಡಿನ ಮುಖ್ಯ ಕಚೇರಿ ದೆಹಲಿಯಿಂದ ಕ್ಯಾಂಡಿಗೆ ಬಂತು. ಬರ್ಮಾ, ಮಲಯಾಗಳ ಕಾಡುಗಳಲ್ಲಿ ಚದುರಿದ್ದ ಸೈನಿಕರಿಗೆ ಸುದ್ದಿ ಮತ್ತು ಹಾಡು ಮುಟ್ಟಿಸಲು ‘ರೇಡಿಯೋ ಸೀಯಾಕ್’ ಎಂಬ ನಿಲಯ ಹುಟ್ಟಿಕೊಂಡಿತು. ಅದಕ್ಕಾಗಿ ಕೊಲಂಬೊದ ಉತ್ತರಕ್ಕಿರುವ ಏಕಲ ಎಂಬಲ್ಲಿ 100 ಕಿಲೋವ್ಯಾಟ್ ಶಕ್ತಿಯ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ನಿಲ್ಲಿಸಿದರು. ಆ ಕಾಲಕ್ಕೆ ಈ ಭಾಗದಲ್ಲೇ ಬಹು ದೊಡ್ಡ ಯಂತ್ರ ಅದು. ಅದು ಕೆಲಸಕ್ಕೆ ಸಿದ್ಧವಾಗುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಸೈನಿಕರು ಊರಿಗೆ ಮರಳಿದರು. 1948ರಲ್ಲಿ ಸಿಲೋನ್ ಸ್ವತಂತ್ರವಾಯಿತು. 1949ರಲ್ಲಿ ಬ್ರಿಟಿಷರು ಆ ಯಂತ್ರವನ್ನು ಹೊಸ ಸರ್ಕಾರಕ್ಕೆ ಒಪ್ಪಿಸಿದರು. ‘ರೇಡಿಯೋ ಸಿಲೋನ್’ ಎಂಬ ಹೆಸರು ಬಂದದ್ದು ಆಗ.

ಒಂದು ಪುಟ್ಟ ದ್ವೀಪದ ಕೈಗೆ ಅದರ ಅಗತ್ಯಕ್ಕಿಂತ ಬಹಳ ದೊಡ್ಡದಾದ ದನಿ ಬಂದಿತ್ತು. ಅದನ್ನು ಏನು ಮಾಡುವುದು? ಸುಮ್ಮನೆ ನಡೆಸಲು ಖರ್ಚು ಬೇಕು. 1950ರಲ್ಲಿ ಆರಂಭವಾದ ವಾಣಿಜ್ಯ ವಿಭಾಗ ಈ ಪ್ರಶ್ನೆಗೆ ಉತ್ತರವಾಯಿತು. ಅದನ್ನು ಕಟ್ಟಿದವರು ಕ್ಲಿಫರ್ಡ್ ಡಾಡ್ ಎಂಬ ಆಸ್ಟ್ರೇಲಿಯಾದವರು, ಜೊತೆಗೆ ಲಿವಿ ವಿಜೇಮಾನ್ನ. ದ್ವೀಪದ ಒಳಗಿನ ಕೇಳುಗರಿಗೆ ಒಂದು ಸೇವೆ. ಭಾರತ ಉಪಖಂಡಕ್ಕೆ ಜಾಹೀರಾತು ಹೊತ್ತ ಇನ್ನೊಂದು ಸೇವೆ. ಇಂಗ್ಲಿಷಿನಲ್ಲಿ ವೆರ್ನನ್ ಕೊರಿಯಾ, ತಮಿಳಿನಲ್ಲಿ ಮಯಿಲ್‌ವಾಹನನ್, ಹಿಂದಿಯಲ್ಲಿ ವಿಜಯ್ ಕಿಶೋರ್ ದುಬೆ, ಗೋಪಾಲ್ ಶರ್ಮಾ ಇವರ ದನಿಗಳು ಮನೆಮಾತಾದವು.

ಕೇಸ್ಕರರು ಕೊಟ್ಟ ಬಳುವಳಿ

ಜಾಹೀರಾತಿನ ನಿಲಯ ತೆರೆದ ಮಾತ್ರಕ್ಕೆ ಕೇಳುಗರು ಬರುವುದಿಲ್ಲ. ಕೇಳುಗರನ್ನು ಕಳಿಸಿಕೊಟ್ಟವರು ದೆಹಲಿಯವರು. 1952ರಲ್ಲಿ ಬಿ. ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾದರು, 1962ರವರೆಗೆ ಇದ್ದರು. ಶಾಸ್ತ್ರೀಯ ಸಂಗೀತವನ್ನು ಕಲಿತವರು. ಸ್ವತಂತ್ರ ದೇಶದ ರೇಡಿಯೋ ಜನರ ಕಿವಿಯನ್ನು ತಿದ್ದಬೇಕು ಎಂಬುದು ಅವರ ನಂಬಿಕೆ. ಸಿನಿಮಾ ಹಾಡು ಅವರ ಪಾಲಿಗೆ ಅಗ್ಗದ ಮಾಲು. ಆಲ್ ಇಂಡಿಯಾ ರೇಡಿಯೋದಲ್ಲಿ ಚಿತ್ರಗೀತೆಗಳ ಪಾಲು ಕಡಿತವಾಯಿತು, ಹಾಡುಗಳನ್ನು ಸೋಸಲಾಯಿತು. ಚಿತ್ರದ ಹೆಸರು ಹೇಳಿದರೆ ಅದು ಜಾಹೀರಾತಾದೀತು ಎಂದು ಹಾಡಿದವರ ಹೆಸರನ್ನಷ್ಟೇ ಹೇಳುವ ಕ್ರಮ ಬಂತು. ಸಿಟ್ಟಾದ ಚಿತ್ರ ನಿರ್ಮಾಪಕರು ತಮ್ಮ ಹಾಡುಗಳ ಪ್ರಸಾರಕ್ಕೆ ಕೊಟ್ಟಿದ್ದ ಅನುಮತಿಯನ್ನೇ ಹಿಂತೆಗೆದುಕೊಂಡರು. ಕೆಲವೇ ತಿಂಗಳಲ್ಲಿ ಭಾರತದ ರೇಡಿಯೋದಿಂದ ಸಿನಿಮಾ ಹಾಡು ಹೆಚ್ಚುಕಡಿಮೆ ಮಾಯವಾಯಿತು.

ಅದೇ ವರ್ಷ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವೂ ಶುರುವಾಯಿತೆಂಬುದನ್ನು ಮರೆಯಬಾರದು. ದೊಡ್ಡ ದೊಡ್ಡ ಗಾಯಕರ ದನಿ ಹಳ್ಳಿಗಳಿಗೆ ಮುಟ್ಟಿದ್ದು ಅದರಿಂದ. ಕೇಸ್ಕರರನ್ನು ಬರಿಯ ಹಾಸ್ಯದ ವಸ್ತುವಾಗಿ ನೋಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಆದರೆ ಗಾಳಿಗೆ ಗಡಿಯಿಲ್ಲ ಎಂಬ ಸಣ್ಣ ಸಂಗತಿಯನ್ನು ಅವರ ಇಲಾಖೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮೀಡಿಯಂ ವೇವ್ ನಿಲಯಗಳ ಅಲೆ ಹಗಲಿನಲ್ಲಿ ನೆಲಕ್ಕೆ ಅಂಟಿಕೊಂಡು ಸಾಗುತ್ತದೆ. ನಿಲಯದ ಸುತ್ತಮುತ್ತಲಿನ ಜಿಲ್ಲೆಗಳನ್ನು ಮುಟ್ಟಿ ಸೋಲುತ್ತದೆ. ಶಾರ್ಟ್‌ವೇವ್ ಹಾಗಲ್ಲ. ಅದು ಮೇಲಕ್ಕೆ ಹೋಗಿ, ವಾತಾವರಣದ ಮೇಲ್ಪದರಕ್ಕೆ ಬಡಿದು, ಚೆಂಡಿನಂತೆ ಪುಟಿದು, ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಕೊಲಂಬೊದಿಂದ ಮುಂಬೈಗೆ ಸುಮಾರು 1,500 ಕಿಲೋಮೀಟರ್. ಏಕಲದ ಯಂತ್ರಕ್ಕೆ ಅದು ಒಂದೇ ಜಿಗಿತದ ದೂರ. 25 ಮೀಟರ್, 41 ಮೀಟರ್ ಎಂದು ಉದ್ಘೋಷಕರು ಹೇಳುತ್ತಿದ್ದ ಆ ಅಂಕಿಗಳು ಭೌತಶಾಸ್ತ್ರ ಓದದವರಿಗೂ ಬಾಯಿಪಾಠವಾಗಿದ್ದವು. ಸಮುದ್ರದ ತೆರೆಯಂತೆ ಹಾಡು ಒಮ್ಮೆ ಉಬ್ಬಿ ಒಮ್ಮೆ ಇಳಿಯುತ್ತಿತ್ತು. ಇಳಿದಾಗ ಎಲ್ಲರೂ ರೇಡಿಯೋದ ಹತ್ತಿರ ಸರಿಯುತ್ತಿದ್ದರು.

ಬೆಳಿಗ್ಗೆ 7.30ರಿಂದ 8ರವರೆಗೆ ಹಳೆಯ ಚಿತ್ರಗೀತೆಗಳು. ಕೊನೆಯ ಹಾಡು ತಪ್ಪದೆ ಕೆ. ಎಲ್. ಸೈಗಲ್ ಅವರದು, 7.57ಕ್ಕೆ. ಸೈಗಲ್ ದನಿ ಕೇಳಿದರೆ ಶಾಲೆಗೆ, ಆಫೀಸಿಗೆ ಹೊರಡುವ ಹೊತ್ತಾಯಿತು ಎಂದು ಲೆಕ್ಕ ಹಾಕಿದ ಮನೆಗಳು ಎಷ್ಟೋ.

ಕೊಲಾಬಾದಲ್ಲಿ ತಯಾರಾದ ಸಿಲೋನ್

ಈಗ ಮುಂಬೈಯ ಕಥೆ. ನಾವು ಕೊಲಂಬೊದಿಂದ ಬಂತೆಂದು ಕೇಳುತ್ತಿದ್ದ ಪ್ರಾಯೋಜಿತ ಹಿಂದಿ ಕಾರ್ಯಕ್ರಮಗಳಲ್ಲಿ ಬಹಳಷ್ಟು ತಯಾರಾಗುತ್ತಿದ್ದದ್ದು ಬೊಂಬಾಯಿಯಲ್ಲಿ. ಡ್ಯಾನ್ ಮೊಲಿನಾ ಎಂಬ ಅಮೆರಿಕನ್ ಉದ್ಯಮಿ ಇಲ್ಲಿ ಒಂದು ಸಂಸ್ಥೆ ಕಟ್ಟಿದ್ದರು. ಕೊಲಾಬಾದ ಸೆಸಿಲ್ ಕೋರ್ಟ್ ಕಟ್ಟಡದಲ್ಲಿ ಅದರ ಕಚೇರಿ. ಅಲ್ಲಿ ಹಮೀದ್ ಸಯಾನಿ ನಿರ್ಮಾಪಕರು. ಧ್ವನಿಮುದ್ರಿಸಿದ ಟೇಪುಗಳು ವಿಮಾನದಲ್ಲಿ ಕೊಲಂಬೊಗೆ ಹೋಗುತ್ತಿದ್ದವು, ಅಲ್ಲಿಂದ ಅಲೆಯಾಗಿ ಹಿಂತಿರುಗಿ ಬೊಂಬಾಯಿಗೇ ಬರುತ್ತಿದ್ದವು. ಕೊಲಾಬಾದಿಂದ ದಾದರಿಗೆ ಒಂದು ಹಾಡು ಮುಟ್ಟಬೇಕಾದರೆ ಅದು ಲಂಕೆಗೆ ಹೋಗಿ ಬರಬೇಕಿತ್ತು. ಸಿನಿಮಾಕ್ಕೆ ಬರುವ ಮೊದಲು ಸುನಿಲ್ ದತ್ ಕೂಡ ರೇಡಿಯೋ ಸಿಲೋನಿನ ದನಿಯಾಗಿದ್ದವರು; ‘ಲಿಪ್ಟನ್ ಕೀ ಮೆಹಫಿಲ್’ ಅವರ ಕಾರ್ಯಕ್ರಮ.

ಬೊಂಬಾಯಿಯ ಈ ಕಾರ್ಖಾನೆಯ ಅತ್ಯಂತ ಹೆಸರಾದ ಉತ್ಪನ್ನ ಬಿನಾಕಾ ಗೀತ್‌ಮಾಲಾ. ಇಂಗ್ಲಿಷ್ ಹಾಡುಗಳ ‘ಬಿನಾಕಾ ಹಿಟ್ ಪರೇಡ್’ ಚೆನ್ನಾಗಿ ನಡೆಯುತ್ತಿತ್ತು. ಹಿಂದಿಯಲ್ಲೂ ಅಂಥದೊಂದು ಬೇಕು ಎಂದಾಯಿತು. ಬರೆಯುವುದು, ಓದುವುದು, ಪತ್ರ ವಿಂಗಡಿಸುವುದು ಎಲ್ಲಕ್ಕೂ ಸೇರಿ ವಾರಕ್ಕೆ 25 ರೂಪಾಯಿ. ಅನುಭವಿಗಳು ಯಾರೂ ಒಪ್ಪಲಿಲ್ಲ. ಹಮೀದರ ತಮ್ಮ, ಇಪ್ಪತ್ತರ ಹರೆಯದ ಅಮೀನ್ ಸಯಾನಿ ಒಪ್ಪಿಕೊಂಡರು. 1952ರ ಡಿಸೆಂಬರ್ 3ರ ಬುಧವಾರ ಮೊದಲ ಪ್ರಸಾರ. ನಲವತ್ತೈವತ್ತು ಪತ್ರ ಬಂದೀತು ಎಂದುಕೊಂಡಿದ್ದರಂತೆ. ಬಂದದ್ದು 9,000. ಒಂದು ವರ್ಷದೊಳಗೆ ಅದು ವಾರಕ್ಕೆ 65,000ಕ್ಕೆ ಏರಿತು ಎಂದು ಅಮೀನ್ ಸಯಾನಿಯವರು ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ. ಇಂದಿನ ಜಾರ್ಖಂಡಿನಲ್ಲಿರುವ, ಕಾಗೆಬಂಗಾರದ ಗಣಿಗಳ ಊರಾದ ಝುಮ್ರಿ ತಲೈಯಾ ದೇಶಕ್ಕೆಲ್ಲ ಪರಿಚಯವಾದದ್ದು ಅಲ್ಲಿಂದ ರೇಡಿಯೋಗೆ ಬರುತ್ತಿದ್ದ ಪತ್ರಗಳಿಂದ. ಮುಂದೆ ಹಾಡುಗಳಿಗೆ ಶ್ರೇಯಾಂಕ ಕೊಡುವ ಪದ್ಧತಿ ಬಂದಾಗ ರೆಕಾರ್ಡ್ ಅಂಗಡಿಗಳ ಮಾರಾಟವನ್ನೂ, ಶ್ರೋತೃ ಸಂಘಗಳ ಮತವನ್ನೂ ಲೆಕ್ಕಕ್ಕೆ ಹಿಡಿದರು. ಬುಧವಾರ ರಾತ್ರಿ ಎಂಟು ಗಂಟೆ ಎಂದರೆ ಗೀತ್‌ಮಾಲಾ ಎಂಬಂತಾಯಿತು.

ಇಲ್ಲಿ ಹೆಸರಿನ ಇನ್ನೊಂದು ಬಗೆಯನ್ನು ನೋಡಬಹುದು. ಬಿನಾಕಾ ಎಂಬುದು ಹಲ್ಲುಜ್ಜುವ ಪೇಸ್ಟು. ಆ ಪೇಸ್ಟಿನ ಹೆಸರು ಸಿಬಾಕಾ ಎಂದಾದಾಗ ಕಾರ್ಯಕ್ರಮವೂ ಸಿಬಾಕಾ ಗೀತ್‌ಮಾಲಾ ಆಯಿತು. 1989ರಲ್ಲಿ ಅದು ಕೊಲಂಬೊ ಬಿಟ್ಟು ವಿವಿಧ ಭಾರತಿಗೆ ಬಂತು, 1994ರಲ್ಲಿ ನಿಂತಿತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಮರಳಿ ಕೆಲಕಾಲ ನಡೆದಾಗ ಪೇಸ್ಟು ಕೋಲ್ಗೇಟ್ ಕಂಪನಿಯ ಕೈಸೇರಿತ್ತು. ಹಾಗಾಗಿ ಹೆಸರು ಕೋಲ್ಗೇಟ್ ಸಿಬಾಕಾ ಗೀತ್‌ಮಾಲಾ. ಮಾಲೀಕ ಬದಲಾದಂತೆ ಬೋರ್ಡು ಬದಲಾಯಿತು. ಆದರೆ 2024ರ ಫೆಬ್ರವರಿಯಲ್ಲಿ ಅಮೀನ್ ಸಯಾನಿ ತೀರಿಕೊಂಡಾಗ ಎಲ್ಲ ಪತ್ರಿಕೆಗಳೂ ಬರೆದದ್ದು ಬಿನಾಕಾ ಎಂದೇ. ಮೊದಲು ಕೇಳಿದ ಹೆಸರನ್ನು ಕಿವಿ ಬಿಟ್ಟುಕೊಡುವುದಿಲ್ಲ.

ಗಲ್ಲಾದ ಮೇಲಿನ ರೇಡಿಯೋ

ಈ ನಗರದ ಕನ್ನಡಿಗರಿಗೆ ಸಿಲೋನ್ ಮಾಡಿದ ಉಪಕಾರವನ್ನು ಯಾರೂ ಲೆಕ್ಕ ಹಾಕಿದಂತಿಲ್ಲ. ಉಡುಪಿ, ಕುಂದಾಪುರ, ಪುತ್ತೂರು, ಕಾರ್ಕಳಗಳಿಂದ ಹುಡುಗರು ಹೋಟೆಲ್ ಕೆಲಸಕ್ಕೆ ಬಂದದ್ದು ತುಳು, ಕನ್ನಡಗಳನ್ನಷ್ಟೇ ಬಾಯಲ್ಲಿ ಹೊತ್ತುಕೊಂಡು. ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರ ಕಥೆ ನಮ್ಮಲ್ಲಿ ಬೇಕಾದಷ್ಟಿದೆ. ಆದರೆ ಗಿರಾಕಿಯ ಜೊತೆ ಆಡುವ ಹಿಂದುಸ್ತಾನಿಯನ್ನು ಯಾವ ಶಾಲೆಯೂ ಕಲಿಸಲಿಲ್ಲ. ಅದನ್ನು ಕಲಿಸಿದ್ದು ಗಲ್ಲಾದ ಮೇಲಿನ ರೇಡಿಯೋ. ಅಮೀನ್ ಸಯಾನಿ ಆಡುತ್ತಿದ್ದ ಭಾಷೆ ಆಲ್ ಇಂಡಿಯಾ ರೇಡಿಯೋದ ಸಂಸ್ಕೃತ ಬೆರೆತ ಹಿಂದಿಯಲ್ಲ, ಕಷ್ಟದ ಉರ್ದುವೂ ಅಲ್ಲ. ಬೀದಿಯಲ್ಲಿ ಎಲ್ಲರಿಗೂ ತಿಳಿಯುವ ಮಾತು. ನನ್ನ ದೊಡ್ಡಪ್ಪ ಮಾಟುಂಗದ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. “ನನಗೆ ಹಿಂದಿ ಕಲಿಸಿದ ಮೇಷ್ಟ್ರು ಸಿಲೋನಿನಲ್ಲಿದ್ದರು” ಎಂದು ಅವರು ನಗುತ್ತ ಹೇಳುವುದಿತ್ತು. ಆ ಮೇಷ್ಟ್ರು ನಾಲ್ಕಾರು ಮೈಲಿ ಆಚೆ ಕೊಲಾಬಾದಲ್ಲಿ ಕೂತು ಮಾತಾಡುತ್ತಿದ್ದರು!

ಕನ್ನಡ ಕೇಳಬೇಕೆಂದರೆ? ಧಾರವಾಡದ ನಿಲಯ 1950ರ ಜನವರಿ 8ರಂದು ತೆರೆದಿತ್ತು. ಮೈಸೂರಿನಲ್ಲಿದ್ದ ನಿಲಯ 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಬಂತು. ಇವೆರಡೂ ಮೀಡಿಯಂ ವೇವ್. ಮುಂಬೈಯ ಹಗಲಿಗೆ ನಿಲುಕದವು. ರಾತ್ರಿ ಅಲೆಗಳು ದೂರ ಹೋಗುವ ಹೊತ್ತಿನಲ್ಲಿ ಧಾರವಾಡ ಕರಕರ ಎನ್ನುತ್ತ ಸಿಕ್ಕರೆ ಆ ದಿನ ಹಬ್ಬ. ಕೊಲಂಬೊದ ದಕ್ಷಿಣ ಭಾರತದ ಭಾಷೆಗಳ ಪ್ರಸಾರದಲ್ಲಿ ತಮಿಳಿನ ಪಾಲೇ ದೊಡ್ಡದು. ತೆಲುಗು, ಮಲಯಾಳಗಳ ಜೊತೆಗೆ ಕನ್ನಡ ಚಿತ್ರಗೀತೆಗಳಿಗೂ ಒಂದು ಸಣ್ಣ ಜಾಗವಿತ್ತು. ಹಾಗೆ ಪರದೇಶದ ನಿಲಯದಿಂದ ಸ್ವಂತ ಭಾಷೆಯ ಹಾಡು ಬಂದು ಬೊಂಬಾಯಿಯ ಚಾಳಿನ ಕೋಣೆಯನ್ನು ತುಂಬುತ್ತಿತ್ತು. ‘ಸಿಲೋನ್’ ಎಂಬ ಪದಕ್ಕೆ ಅಷ್ಟು ಮಮತೆ ಅಂಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

1967: ಎರಡು ತಾರೀಖು

ಮೇಲುಮೇಲಕ್ಕೆ ನೋಡಿದರೆ ರೇಡಿಯೋ ಸಿಲೋನಿನ ವೈಭವ ಅದರ ಹೆಸರಿನೊಂದಿಗೆ ಹೋಯಿತು ಅನ್ನಿಸಬಹುದು. 1967ರ ಜನವರಿ 5ರಂದು ಸರ್ಕಾರಿ ಇಲಾಖೆಯಾಗಿದ್ದ ರೇಡಿಯೋ ಸಿಲೋನ್ ಹೊಸ ಕಾಯಿದೆಯ ಕೆಳಗೆ ‘ಸಿಲೋನ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್’ ಆಯಿತು. ಆಮೇಲಿನ ವರ್ಷಗಳಲ್ಲಿ ಭಾರತದ ಜಾಹೀರಾತುಗಳು ಒಂದೊಂದಾಗಿ ಕರಗಿದವು. ಆದರೆ ಕಾರಣ ಜನವರಿಯ ತಾರೀಖಿನಲ್ಲಿಲ್ಲ, ಅದೇ ವರ್ಷದ ನವೆಂಬರಿನಲ್ಲಿದೆ.

ಕೊಲಂಬೊಗೆ ಉತ್ತರವಾಗಿ ಆಲ್ ಇಂಡಿಯಾ ರೇಡಿಯೋ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಶುರುಮಾಡಿತ್ತು. ಐದು ವರ್ಷ ಕೇಳುಗರನ್ನು ಕಳೆದುಕೊಂಡ ಮೇಲೆ ಕೇಸ್ಕರರ ಕಾಲದಲ್ಲೇ ಸಿನಿಮಾ ಹಾಡು ಮರಳಿ ಬಂತು. ಹಾಡು ಬಂದರೂ ಜಾಹೀರಾತು ಬರಲಿಲ್ಲ. ಹಾಗಾಗಿ ಭಾರತದ ಸೋಪು, ಪೇಸ್ಟು, ಚಹಾ ಕಂಪನಿಗಳಿಗೆ ಕೊಲಂಬೊ ಇನ್ನೂ ಬೇಕಿತ್ತು. ರೇಡಿಯೋದಲ್ಲಿ ಜಾಹೀರಾತಿಗೆ ಅವಕಾಶ ಕೊಡಬೇಕೆಂದು 1966ರಲ್ಲಿ ಚಂದಾ ಸಮಿತಿ ಹೇಳಿತು. 1967ರ ನವೆಂಬರ್ 1ರಂದು ಬೊಂಬಾಯಿ, ಪುಣೆ, ನಾಗಪುರದ ವಿವಿಧ ಭಾರತಿಯಲ್ಲಿ ಜಾಹೀರಾತು ಶುರುವಾಯಿತು. ಕೊಲಾಬಾದ ಟೇಪು ಇನ್ನು ವಿಮಾನ ಹತ್ತಬೇಕಾಗಿರಲಿಲ್ಲ.

ರೇಡಿಯೋ ಸಿಲೋನ್ ಹದಿನೈದು ವರ್ಷ ಬದುಕಿದ್ದು ನಮ್ಮ ದೇಶದ ಒಂದು ನಿಷೇಧದ ಮೇಲೆ. ನಿಷೇಧ ಸಡಿಲವಾದ ಕೂಡಲೇ ಅದರ ಸಂಪಾದನೆಯ ದಾರಿ ಕಿರಿದಾಯಿತು. ಹೆಸರು ಹಳೆಯದೇ ಉಳಿದಿದ್ದರೂ ಇದು ತಪ್ಪುತ್ತಿರಲಿಲ್ಲ. ನಿಲಯದ ಒಳಗೆ ನಡೆದ ಬದಲಾವಣೆಗಿಂತ ಹೊರಗೆ, ಇನ್ನೊಂದು ದೇಶದ ಕಚೇರಿಯಲ್ಲಿ ಬಿದ್ದ ಒಂದು ರುಜು ಅದರ ಭವಿಷ್ಯವನ್ನು ನಿರ್ಧರಿಸಿತು. ವ್ಯಾಪಾರದ ರೇಡಿಯೋದ ಚರಿತ್ರೆ ಓದುವವರು ಬೋರ್ಡಿನ ಮೇಲಿನ ಹೆಸರಿಗಿಂತ ಈ ರುಜುಗಳ ಕಡೆ ಹೆಚ್ಚು ಗಮನ ಕೊಡಬೇಕು ಎಂದು ನನಗೆ ಅನಿಸುತ್ತದೆ.

1972ರ ಮೇ 22ರಂದು ದ್ವೀಪ ಗಣರಾಜ್ಯವಾಯಿತು. ನಿಲಯ ‘ಶ್ರೀಲಂಕಾ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್’ ಆಯಿತು. ಮರುವರ್ಷವೇ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯ ಕರ್ನಾಟಕವಾಯಿತು. ನಮ್ಮ ನಾಡಿನ ಹೊಸ ಹೆಸರನ್ನು ಹಬ್ಬ ಮಾಡಿ ಒಪ್ಪಿಕೊಂಡ ನಾವು ನೆರೆಯ ನಾಡಿನ ಹೊಸ ಹೆಸರನ್ನು ರೇಡಿಯೋದ ಮಟ್ಟಿಗೆ ಒಪ್ಪಲೇ ಇಲ್ಲ.

ಸಿಲೋನ್‌ದಕ್ಲು

ಇನ್ನು ಸುಳ್ಯದ ಕಥೆ. ಹಾಡು ಗಾಳಿಯಲ್ಲಿ ಬರುತ್ತಿದ್ದ ಅದೇ ವರ್ಷಗಳಲ್ಲಿ ಆ ದ್ವೀಪದಲ್ಲಿ ಬೇರೊಂದು ಕೆಲಸ ನಡೆಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಕಾಫಿ, ಆಮೇಲೆ ಚಹಾ ತೋಟಗಳಿಗೆಂದು ತಮಿಳುನಾಡಿನ ಹಳ್ಳಿಗಳಿಂದ ಕೂಲಿಗಳನ್ನು ಅಲ್ಲಿಗೆ ಒಯ್ದಿದ್ದರು. ಸ್ವಾತಂತ್ರ್ಯ ಬಂದ 1948ರಲ್ಲೇ ಮಾಡಿದ ಪೌರತ್ವದ ಕಾಯಿದೆ ಈ ತೋಟದ ತಮಿಳರಲ್ಲಿ ಬಹುಪಾಲು ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಎಂಬ ಕಾಯಿದೆ ಬಂತು. 1958ರಲ್ಲಿ ತಮಿಳರ ಮೇಲೆ ದಂಗೆ ನಡೆಯಿತು. ಗೀತ್‌ಮಾಲಾ ಕೇಳುತ್ತಿದ್ದ ನಮ್ಮ ಮನೆಗಳಿಗೆ ಇದಾವುದೂ ಕೇಳಿಸುತ್ತಿರಲಿಲ್ಲ. ಕೇಳಿಸುವಂತೆಯೂ ಇರಲಿಲ್ಲ, ನಮಗಾಗಿ ಬರುತ್ತಿದ್ದದ್ದು ನಮ್ಮದೇ ಹಾಡು, ನಮ್ಮದೇ ಪೇಸ್ಟು, ಆ ತೋಟಗಳ ಚಹಾದ ಜಾಹೀರಾತು.

1964ರ ಅಕ್ಟೋಬರಿನಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು. ಆ ಜನರಲ್ಲಿ 5,25,000 ಮಂದಿಯನ್ನು ಭಾರತ ತೆಗೆದುಕೊಳ್ಳುವುದು, 3,00,000 ಮಂದಿಗೆ ಸಿಲೋನ್ ಪೌರತ್ವ ಕೊಡುವುದು, ಉಳಿದವರ ವಿಚಾರ ಮುಂದೆ ನೋಡುವುದು. ತಲೆಮಾರುಗಳಿಂದ ಅಲ್ಲಿ ಚಹಾ ಚಿಗುರು ಕೊಯ್ದವರು ಹಾಗೆ ಅಂಕಿಗಳಾಗಿ ಹಂಚಿಹೋದರು. ತಲೈಮನ್ನಾರಿನಿಂದ ಹಡಗು ಹತ್ತಿ ರಾಮೇಶ್ವರಕ್ಕೆ ಇಳಿದು, ಮಂಡಪಂ ಶಿಬಿರದಲ್ಲಿ ಕಾದು, ಅಲ್ಲಿಂದ ದಕ್ಷಿಣದ ರಾಜ್ಯಗಳಿಗೆ ಚದುರಿದರು. ಅವರಲ್ಲಿ ಒಂದಿಷ್ಟು ಕುಟುಂಬಗಳು 1970ರ ದಶಕದಲ್ಲಿ ನಮ್ಮ ಸುಳ್ಯ, ಪುತ್ತೂರು ತಾಲೂಕುಗಳ ಸರ್ಕಾರಿ ರಬ್ಬರ್ ತೋಟಗಳಿಗೆ ಬಂದವು.

ನಮ್ಮ ಕಡೆ ಅವರಿಗೆ ಬಿದ್ದ ಹೆಸರು ‘ಸಿಲೋನಿನವರು’. ತುಳುವಿನಲ್ಲಿ ‘ಸಿಲೋನ್‌ದಕ್ಲು’. ಸಿಲೋನ್ ಎಂಬ ದೇಶ ನಕಾಶೆಯಿಂದ ಹೋದ ಮೇಲೆ ಬಂದವರಿಗೂ ಅದೇ ಹೆಸರು. ಇಲ್ಲಿ ಹುಟ್ಟಿ, ಕನ್ನಡ ಶಾಲೆಗೆ ಹೋಗಿ, ನನಗಿಂತ ಚೆಂದ ತುಳು ಮಾತಾಡುತ್ತಿದ್ದ ಅವರ ಮಕ್ಕಳಿಗೂ ಅದೇ. ಅಲ್ಲಿ ಅವರನ್ನು ‘ಇಂಡಿಯಾದವರು’ ಎಂದು ಹೊರಗಿಟ್ಟಿದ್ದರು, ಇಲ್ಲಿ ‘ಸಿಲೋನಿನವರು’ ಎಂದು ಗುರುತಿಸಿದರು. ರೇಡಿಯೋದ ಮುಂದೆ ಅಕ್ಕರೆಯಿಂದ ಆಡುತ್ತಿದ್ದ ಪದ ಬಸ್‌ಸ್ಟ್ಯಾಂಡಿನಲ್ಲಿ ಬೇರೆ ದನಿಯಲ್ಲಿ ಬರುತ್ತಿತ್ತು.

ಅವರ ಸಾಲುಮನೆಗಳಿಂದಲೂ ಸಂಜೆ ರೇಡಿಯೋ ಕೇಳುತ್ತಿತ್ತು. ನಿಲಯ ಕೊಲಂಬೊದ್ದೇ, ಭಾಷೆ ತಮಿಳು. ಅವರು ಅದನ್ನು ಸಿಲೋನ್ ಅನ್ನುತ್ತಿರಲಿಲ್ಲ, ‘ಇಲಂಗೈ ವಾನೊಲಿ’ ಅನ್ನುತ್ತಿದ್ದರು. ಈ ಮಾತು ನನ್ನ ತಲೆಯಲ್ಲಿ ಬಹಳ ಕಾಲ ಉಳಿಯಿತು. ತಮಿಳರಿಗೆ ಆ ದ್ವೀಪ ಎಂದಿಗೂ ಇಲಂಗೈ. ಸಿಂಹಳರಿಗೆ ಎಂದಿಗೂ ಲಂಕಾ. ‘ಸಿಲೋನ್’ ಪೋರ್ಚುಗೀಸರ ಬಾಯಲ್ಲಿ ತಿರುಗಿ ಇಂಗ್ಲಿಷರ ಕೈಗೆ ಬಂದ ರೂಪ. 1972ರಲ್ಲಿ ಹೆಸರು ಬದಲಾದದ್ದು ಹೊರಗಿನವರ ಪಾಲಿಗೆ. ಅಲ್ಲಿನ ಜನರ ಬಾಯಲ್ಲಿ ಬದಲಾವಣೆಯೇ ಇರಲಿಲ್ಲ. ಲಂಕೆ, ಸಿಂಹಳ ಎಂಬ ಎರಡು ಹೆಸರನ್ನು ಕನ್ನಡ ಶತಮಾನಗಳಿಂದ ಬಲ್ಲದು. ಆದರೂ ನಾವು ಹಿಡಿದುಕೊಂಡದ್ದು ರೇಡಿಯೋ ಕೊಟ್ಟ ಇಂಗ್ಲಿಷ್ ಹೆಸರನ್ನು. ಒಂದು ವ್ಯಾಪಾರಿ ನಿಲಯ ಒಂದು ಹೆಸರನ್ನು ಎಷ್ಟು ಆಳಕ್ಕೆ ನೆಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹೆಸರು ಯಾರದು?

ಇಂದಿನ ಮುಂಬೈಯಲ್ಲಿ ನಿಲಯಗಳ ಹೆಸರು ಬದಲಾಗುವುದು ಸುದ್ದಿಯೇ ಅಲ್ಲ. 2002ರಲ್ಲಿ ಇಲ್ಲಿ ಖಾಸಗಿ ಎಫ್‌ಎಂ ಬಂದಾಗ ‘ಗೋ 92.5’ ಎಂಬ ನಿಲಯವಿತ್ತು. ಕೆಲವೇ ವರ್ಷಗಳಲ್ಲಿ ಅದು ತರಂಗಾಂತರವನ್ನೂ ಹೆಸರನ್ನೂ ಬದಲಿಸಿಕೊಂಡು ‘ರೇಡಿಯೋ ಒನ್ 94.3’ ಆಯಿತು. ರೇಡಿಯೋ ಮಿರ್ಚಿ ತನ್ನ ಹೆಸರಿನಿಂದ ‘ರೇಡಿಯೋ’ವನ್ನೇ ಕಳಚಿಟ್ಟು ಬರಿಯ ಮಿರ್ಚಿಯಾಗಿದೆ. ಈ ಹೆಸರುಗಳಿಗೆ ಊರಿಲ್ಲ. ಮುಂಬೈ, ಬೆಂಗಳೂರು, ಇಂದೋರ್ ಎಲ್ಲಿ ನಿಲ್ಲಿಸಿದರೂ ಸಲ್ಲುತ್ತವೆ. ಅವು ಬದಲಾದರೆ ಯಾರೂ ಹಳೆಯದನ್ನು ಹಿಡಿದು ಕೂರುವುದಿಲ್ಲ.

ಊರಿರುವ ಹೆಸರಿನ ಪಾಡು ಬೇರೆ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಶುರುಮಾಡಿದ ನಿಲಯದ ಹೆಸರು ‘ಆಕಾಶವಾಣಿ’. 1950ರ ದಶಕದ ಉತ್ತರಾರ್ಧದಲ್ಲಿ ಆಲ್ ಇಂಡಿಯಾ ರೇಡಿಯೋ ಆ ಹೆಸರನ್ನು ತನ್ನದಾಗಿಸಿಕೊಂಡಿತು. 2023ರಲ್ಲಿ ಇಂಗ್ಲಿಷ್ ಹೆಸರನ್ನು ಬಿಟ್ಟು ಎಲ್ಲೆಡೆ ಆಕಾಶವಾಣಿ ಎಂದೇ ಹೇಳಬೇಕೆಂಬ ಆದೇಶ ಬಂದಾಗ ನಮಗೆ ಹೆಮ್ಮೆಯಾಯಿತು, ತಮಿಳುನಾಡಿನಲ್ಲಿ ವಿರೋಧವಾಯಿತು. ಅವರಿಗೆ ಅವರದೇ ‘ವಾನೊಲಿ’ ಇದೆ. ನಮ್ಮೂರಿನ ಹೆಸರು ಇನ್ನೊಬ್ಬರ ಬಾಯಿಗೆ ಹೇರಿಕೆಯಾಗಿ ಕೇಳಬಹುದು ಎಂಬುದನ್ನು ಸುಳ್ಯದ ಆ ಸಾಲುಮನೆಗಳನ್ನು ಕಂಡವರು ಬೇಗ ಒಪ್ಪಿಯಾರು.

ಹೊರನಾಡಿನಲ್ಲಿರುವ ನಮಗೆ ಇದು ದೂರದ ಮಾತಲ್ಲ. ಈ ನಗರದಲ್ಲಿ ಯಾವ ಭಾಷೆಯ ಊಟದ ಹೋಟೆಲಿಟ್ಟರೂ ನಮ್ಮನ್ನು ‘ಮದ್ರಾಸಿ’ ಎಂದವರಿದ್ದಾರೆ. ಮದ್ರಾಸು ಚೆನ್ನೈ ಆದದ್ದು 1996ರಲ್ಲಿ. ಆಮೇಲೂ ಆ ಹೆಸರು ನಮ್ಮನ್ನು ಬಿಡಲಿಲ್ಲ. ನಮ್ಮದಲ್ಲದ, ಈಗ ಇಲ್ಲವೇ ಇಲ್ಲದ ಊರಿನ ಹೆಸರನ್ನು ಹೊತ್ತು ತಿರುಗುವುದು ಹೇಗಿರುತ್ತದೆಂದು ನಮಗೂ ಗೊತ್ತು.

ರೇಡಿಯೋ ಸಿಲೋನನ್ನು ರೇಡಿಯೋ ಸಿಲೋನ್ ಎಂದು ನೆನೆಯುವುದರಲ್ಲಿ ತಪ್ಪೇನೂ ಇಲ್ಲ. 1949ರಿಂದ 1967ರವರೆಗೆ ಅದರ ಹೆಸರು ಅದೇ. ಗೀತ್‌ಮಾಲಾ ಹೊರಟದ್ದು ಆ ಹೆಸರಿನಿಂದ. ಹಾಡಿಗೆ ಆ ಹೆಸರು ಇರಲಿ. ಮನುಷ್ಯರ ಮಾತು ಬಂದಾಗ ಮಾತ್ರ ಅವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಸುಳ್ಯದ ತೋಟಗಳ ಆ ಕುಟುಂಬಗಳ ಮೂರನೆಯ ತಲೆಮಾರು ಈಗ ಬೆಂಗಳೂರಿಗೂ ಮುಂಬೈಗೂ ಕೆಲಸ ಹುಡುಕಿ ಬರುತ್ತಿದೆ. ಊರು ಯಾವುದೆಂದು ಯಾರಾದರೂ ಕೇಳಿದರೆ ಅವರು ಹೇಳುವುದು ಸುಳ್ಯ ಎಂದು. ನಾನು ಹೇಳುವುದೂ ಅದನ್ನೇ.